ಗುಣ ಮುಟ್ಟದ ಕಾರು

ಪತ್ರಿಕೆಯ ಕಚೇರಿಯಲ್ಲಿ ಅವನನ್ನು ಎಲ್ಲರೂ ಕೊಂಬಣ್ಣ ಎಂದೇ ಕರೆಯುತ್ತಿದ್ದರು. ತಲೆಯ ಮೇಲೆ ಕೊಂಬಿದ್ದ ಮನುಷ್ಯನಲ್ಲ. ಇದ್ದಿದ್ದರೆ ಈ ಕಥೆಯ ಅರ್ಧ ಭಾಗ ನಡೆಯುತ್ತಲೇ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನದು ಪ್ರೂಫ್ ನೋಡುವ ಕೆಲಸ. ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ದರೆ ಹಾಕುವುದು, ಬೇಡದ ಕಡೆ ಬೆಳೆದಿದ್ದರೆ ಹೊಡೆದುಹಾಕುವುದು. ನೆಲಮಹಡಿಯ ಕೋಣೆಯಲ್ಲಿ ಒಂದು ಮೇಜು, ಕಾಗದ ಹಾರಿಸುವುದಕ್ಕೆಂದೇ ತಿರುಗುವ ಒಂದು ಫ್ಯಾನು, ನಾಲ್ಕು ಕೆಂಪು ಪೆನ್ನು. ಜಗತ್ತಿನ ಸುದ್ದಿಯೆಲ್ಲ ಅವನ ಕಣ್ಣ ಮುಂದೆಯೇ ಹಾದುಹೋಗುತ್ತಿತ್ತು. ಅದರಲ್ಲಿ ಒಂದಕ್ಷರವೂ ಅವನದಾಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕಾರು ಪುಟ ಬರುತ್ತಿತ್ತು. ಅದನ್ನು ಬರೆಯುತ್ತಿದ್ದವರು 'ಸಾರಥಿ' ಎಂಬ ಹೆಸರಿನವರು. ಸಾರಥಿ ಯಾರು ಎಂದು ಓದುಗರಿಗೆ ಗೊತ್ತಿರಲಿಲ್ಲ. ಕೊಂಬಣ್ಣನಿಗೂ ಗೊತ್ತಿರಲಿಲ್ಲ, ಕೇಳುವ ಅಗತ್ಯವೂ ಅವನಿಗೆ ಬಿದ್ದಿರಲಿಲ್ಲ. ಆದರೆ ಊರಿಗೆಲ್ಲ ಶನಿವಾರ ತಿಳಿಯುವ ಸಂಗತಿ ಅವನಿಗೆ ಶುಕ್ರವಾರವೇ ತಿಳಿಯುತ್ತಿತ್ತು. ಮನುಷ್ಯನ ತಲೆ ತಿರುಗುವುದಕ್ಕೆ ಒಂದು ದಿನದ ಮುನ್ನಡೆ ಧಾರಾಳವಾಯಿತು.

ತಲೆ ತಿರುಗಿದ್ದು ಎದುರುಮನೆ ಟೈಲರ್ ಅಂಗಡಿಯಲ್ಲಿ. ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಭಾವಮೈದುನನ ಜೊತೆ ಹೋಗಿದ್ದ. ಹೊಸ ಮಾದರಿಯ ಕಾರೊಂದರ ಮಾತು ಬಂತು. ಕೊಂಬಣ್ಣ ಎಂಜಿನ್ನು, ಮೈಲೇಜು, ಡಿಕ್ಕಿಯ ಅಗಲ ಎಲ್ಲವನ್ನೂ ಗಳಗಳನೆ ಹೇಳಿದ. ಟೈಲರ್ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ನೋಡಿದ.

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

ಭಾವಮೈದುನ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಹೊರಗೆ ಹೇಳಬೇಡಿ. ಪೇಪರ್‌ನಲ್ಲಿ ಸಾರಥಿ ಅಂತ ಬರೆಯೋದು ನಮ್ಮ ಭಾವನೇ."

ಇಲ್ಲ ಎನ್ನುವುದಕ್ಕೆ ಕೊಂಬಣ್ಣನಿಗೆ ಎರಡು ಕ್ಷಣವಿತ್ತು. ಮೊದಲನೆಯದರಲ್ಲಿ ಅವನು ಗಂಟಲು ಸರಿಮಾಡಿಕೊಂಡ. ಎರಡನೆಯದರಲ್ಲಿ, "ಅದೆಲ್ಲ ಹೊರಗೆ ಮಾತಾಡೋ ವಿಷಯ ಅಲ್ಲ" ಎಂದ.

ಅಲ್ಲಿಂದ ಬೀದಿಯಲ್ಲಿ ಅವನ ನಡಿಗೆಯೇ ಬದಲಾಯಿತು. ಹಾಲು ತರಲು ಹೋದರೆ ಹಿಂದಿನ ಮನೆಯ ಪೆನ್ಷನ್‌ದಾರರು ಅಡ್ಡಹಾಕುತ್ತಿದ್ದರು: "ಪೆಟ್ರೋಲೋ ಡೀಸೆಲ್ಲೋ, ಒಂದು ಮಾತು ಹೇಳಿಬಿಡಿ." ಇವನು ಆಕಾಶ ನೋಡಿ, ಕಳೆದ ಶುಕ್ರವಾರದ ಪುಟವನ್ನು ಮನಸ್ಸಿನಲ್ಲೇ ತಿರುಗಿಸಿ, ಉತ್ತರ ಕೊಡುತ್ತಿದ್ದ. ಮಾಸ್ತರರು, ಡಾಕ್ಟರು ಇವರಿಗೆ ಸಿಗುವ ನಮಸ್ಕಾರ ಅವನಿಗೂ ಸಿಗತೊಡಗಿತು. ಆವರೆಗೆ ಅವನು ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸಿದವನಲ್ಲ.

ಹಾಗಿರುವಾಗ 'ಸುಗಮ' ಎಂಬ ಕಾರು ಮಾರುಕಟ್ಟೆಗೆ ಬಂತು. ದೇಶದ ಅತಿ ಹಳೆಯ ಕಾರು ಕಂಪನಿಯ ಹೊಚ್ಚಹೊಸ ಕಾರು. ಸಾರಥಿ ಪುಟದ ತುಂಬ ಹೊಗಳಿದರು. "ಗುಣಮಟ್ಟಕ್ಕೆ ಇನ್ನೊಂದು ಹೆಸರು ಸುಗಮ. ಬೆರಳು ತಾಕಿಸಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಹಿಂದಿನ ಸೀಟು ಹಿರಿಯರಿಗೆ ಸುಖಾಸನ." ಪುಟದ ಇನ್ನರ್ಧದಲ್ಲಿ ಅದೇ ಕಾರಿನ ಜಾಹೀರಾತು ಇತ್ತು. ಎರಡನ್ನೂ ಕೊಂಬಣ್ಣನೇ ತಿದ್ದಿದ್ದ. ಎರಡರಲ್ಲೂ ಒಂದೇ ವಾಕ್ಯಗಳಿದ್ದವು, ಒಂದೇ ಕಡೆ ಒಂದೇ ಅಲ್ಪವಿರಾಮ ತಪ್ಪಿಹೋಗಿತ್ತು. ಅದನ್ನೂ ಸರಿಮಾಡಿದ. ಹೀಗೇಕೆ ಎಂಬ ಪ್ರಶ್ನೆ ಅವನ ಕೆಲಸದ ವ್ಯಾಪ್ತಿಗೆ ಬರುತ್ತಿರಲಿಲ್ಲ.

"ನೀವೇ ಇಷ್ಟು ಬರೆದ ಮೇಲೆ ನೀವೇ ತಗೊಳ್ಳದಿದ್ದರೆ ಹೇಗೆ?" ಎಂದರು ಪೆನ್ಷನ್‌ದಾರರು. ಭಾವಮೈದುನ ಕಾರಿನ ಅಂಗಡಿಗೆ ಕರೆದುಕೊಂಡೇ ಹೋದ. ಒಂದು ತಿಂಗಳು ಡ್ರೈವಿಂಗ್ ಕಲಿತು, ಗೇಟಿನ ಒಂದು ಕಂಬಕ್ಕೆ ಮಾತ್ರ ಗುದ್ದಿ, ಕೊಂಬಣ್ಣ ಕಾರಿನ ಯಜಮಾನನಾದ. ಅವನನ್ನು ನೋಡಿ ಪೆನ್ಷನ್‌ದಾರರೂ ಒಂದು ಸುಗಮ ತಂದು, ಹೊದಿಕೆ ಹಾಕಿ ನೆರಳಿನಲ್ಲಿ ನಿಲ್ಲಿಸಿದರು.

ಆಮೇಲೆ ಬಿಸಿಲು ಬಂತು.

ಕಚೇರಿಯಲ್ಲಿ ಅವನು ಕಾರನ್ನು ಶೆಡ್ಡಿನ ನೆರಳಿಗೆ ನಿಲ್ಲಿಸುತ್ತಿದ್ದ. ಸಂಜೆ ನಾಲ್ಕಕ್ಕೆ ಹೊರಟು, ಪೇಟೆಯ ದಟ್ಟಣೆಯಲ್ಲಿ ಮುಕ್ಕಾಲು ಗಂಟೆ ಕಾದು ಕೆಂಪಾಗಿ, ಮನೆ ಮುಂದೆ ನಿಲ್ಲಿಸಿದ. ಬಾಗಿಲು ತೆರೆಯಲಿಲ್ಲ. ಬೆರಳು ತಾಕಿಸಿದ, ಕೈ ಹಾಕಿದ, ಭುಜ ಕೊಟ್ಟ. ಗಾಜೂ ಇಳಿಯಲಿಲ್ಲ. ಒಳಗಿನಿಂದ ಗಾಜು ಬಡಿದ. ವರಾಂಡದಲ್ಲಿದ್ದ ಹೆಂಡತಿ ಪ್ರೀತಿಯಿಂದ ಕೈ ಬೀಸಿದಳು. ಭಾವಮೈದುನ ಫೋಟೊ ತೆಗೆದ. ಕೊಂಬಣ್ಣ ಬಾಯಿ ಅಗಲಿಸಿ ಏನೋ ಕೂಗುವುದು ಕಂಡು ಹೆಂಡತಿ ಹತ್ತಿರ ಬಂದಳು. ಬಾಗಿಲು ಮುಟ್ಟಿ ಕೈ ಸುಟ್ಟುಕೊಂಡು, ಒಳಗೆ ಓಡಿಹೋಗಿ ಒಂದು ಬಕೆಟ್ ನೀರು ತಂದು ಸುರಿದಳು. ಬೀಗ ಟಕ್ ಎಂದು ಬಿಟ್ಟುಕೊಂಡಿತು. ಕೊಂಬಣ್ಣ ಬೇಯಿಸಿದ ಆಲೂಗಡ್ಡೆಯ ಹಾಗೆ ಹೊರಗೆ ಬಂದ.

ಮರುದಿನ ಸರ್ವಿಸ್ ಸೆಂಟರಿಗೆ ಹೋದ. ಅಲ್ಲಿನ ಮೇಲ್ವಿಚಾರಕ ಟೈ ಕಟ್ಟಿದ್ದ.

"ಬಾಗಿಲು ತೆರೆಯೋಲ್ಲ."

"ಅದು ಸೇಫ್ಟಿ ಸರ್."

"ನಾನು ಒಳಗಿದ್ದೆ ಮಾರಾಯ."

"ಒಳಗಿರೋರಿಗೇ ತಾನೆ ಸರ್ ಸೇಫ್ಟಿ ಬೇಕಾಗಿರೋದು? ನೀವು ಬಿಸಿಲಲ್ಲಿ ಓಡಿಸಿದಿರಾ?"

"ಹಗಲು ಹೊತ್ತಲ್ಲಿ ಓಡಿಸಿದೆ. ಬಿಸಿಲು ತಾನಾಗೇ ಇತ್ತು."

ಮೇಲ್ವಿಚಾರಕ ಮರುಕದಿಂದ ತಲೆಯಾಡಿಸಿ, ಕಾರಿನ ಜೊತೆ ಕೊಟ್ಟಿದ್ದ ದಪ್ಪ ಪುಸ್ತಕದ ನೂರಾ ಹನ್ನೆರಡನೇ ಪುಟ ತೆಗೆದ. ಅತಿಯಾದ ತಾಪಮಾನವನ್ನು ತಪ್ಪಿಸಿ ಎಂದು ಅಲ್ಲಿ ಇರುವೆಯ ಗಾತ್ರದ ಅಕ್ಷರದಲ್ಲಿತ್ತು. ಕೊಂಬಣ್ಣನಿಗೆ ಆ ಪುಟದಲ್ಲಿ ಒಂಬತ್ತು ಅಕ್ಷರದೋಷ ಕಂಡವು, ಅದನ್ನು ಹೇಳಿದ. ಮೇಲ್ವಿಚಾರಕ ಅವನ್ನು ಬರೆದುಕೊಂಡು, "ನಿಮ್ಮ ದೂರು ದಾಖಲಾಗಿದೆ" ಎಂದ.

ಇಲ್ಲಿ ಕೊಂಬಣ್ಣ ಮಾಡಬೇಕಿದ್ದ ಕೆಲಸ ಒಂದೇ. ಬೀದಿಗೆ ಬಂದು, ಈ ಕಾರು ಕೊಳ್ಳಬೇಡಿ ಎನ್ನುವುದು. ಆದರೆ ಸಾರಥಿ ಮೋಸ ಹೋದ ಎಂದು ಸಾರಥಿಯೇ ಹೇಳುವುದು ಹೇಗೆ? ಅವನು ತೆಪ್ಪಗಿದ್ದ. ದಿನಾ ಸಂಜೆ ಐದಕ್ಕೆ ಹೆಂಡತಿ ಬಕೆಟ್ ಹಿಡಿದು ಗೇಟಿನ ಬಳಿ ನಿಲ್ಲುತ್ತಿದ್ದಳು, ಇವನು ಬಂದೊಡನೆ ನೀರು ಸುರಿಯುತ್ತಿದ್ದಳು. ಬೀದಿಯವರು ನೋಡಿ, "ಕಾರು ಅಂದ್ರೆ ಹೀಗೆ ಸಾಕಬೇಕು, ದಿನಾ ಸ್ನಾನ ಮಾಡಿಸ್ತಾರೆ" ಎಂದು ಮೆಚ್ಚಿಕೊಂಡರು. ಅಷ್ಟೊಂದು ಅಕ್ಕರೆ ಕಂಡು ಟೈಲರ್ ಕೂಡ ಒಂದು ಸುಗಮ ಕೊಂಡ.

ಕೊಂಡು ಹದಿನೈದು ದಿನಕ್ಕೆ ಟೈಲರ್ ತನ್ನ ತಾಯಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದ. ಬರುವಾಗ ಅಂಗಡಿ ಮುಂದೆ ನಿಲ್ಲಿಸಿ, "ಒಂದೇ ನಿಮಿಷ ಕೂತಿರಮ್ಮ" ಎಂದು ಇಳಿದ. ಒಳಗೆ ಗಿರಾಕಿಯೊಬ್ಬ ಕಾಲರಿನ ವಿಷಯಕ್ಕೆ ಜಗಳ ತೆಗೆದ. ಕಾಲರು ಅಗಲವಾಯಿತೋ ಇಲ್ಲವೋ ತೀರ್ಮಾನವಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾಲ್ಕೂ ಬಾಗಿಲು ಕಚ್ಚಿಕೊಂಡಿದ್ದವು. ಅಜ್ಜಿ ಗಾಜು ತಟ್ಟಿದ್ದನ್ನು ದಾರಿಹೋಕರು ಕಂಡಿದ್ದರು. ಕಾರಿನಲ್ಲಿ ಕೂತ ಮುದುಕಿ ಖುಷಿಯಿಂದ ಕೈಯಾಡಿಸುತ್ತಿದ್ದಾಳೆ ಎಂದುಕೊಂಡು ಇಬ್ಬರು ಕೈ ಬೀಸಿಯೂ ಹೋಗಿದ್ದರು. ಟೈಲರ್ ಹೊರಗೆ ಬಂದಾಗ ಅಜ್ಜಿಯ ತಲೆ ಒಂದು ಕಡೆ ವಾಲಿತ್ತು. ಅವನು ಇಸ್ತ್ರಿಪೆಟ್ಟಿಗೆ ತಂದು ಗಾಜು ಒಡೆದ.

ಅಜ್ಜಿ ಬದುಕಿಕೊಂಡಳು. ಎರಡು ದಿನ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಳು.

ಮೂರನೇ ದಿನ ಬೆಳಿಗ್ಗೆ ಟೈಲರ್ ಕೊಂಬಣ್ಣನ ಮನೆಗೆ ಬಂದ. ಹಿಂದೆ ಪೆನ್ಷನ್‌ದಾರರೂ ಇನ್ನೂ ನಾಲ್ಕು ಜನವೂ ಇದ್ದರು. ಟೈಲರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಕೊಂಬಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನೀವು ಬರೆದದ್ದನ್ನ ಕತ್ತರಿಸಿ ಅಂಗಡಿ ಗೋಡೆಗೆ ಅಂಟಿಸಿದ್ದೆ" ಎಂದ. "ಹಿಂದಿನ ಸೀಟು ಹಿರಿಯರಿಗೆ ಸುಖಾಸನ ಅಂತ."

"ಅದನ್ನ ಬರೆದದ್ದು ನಾನಲ್ಲ."

ಎಲ್ಲರೂ ಅವನನ್ನೇ ನೋಡಿದರು. ಪೆನ್ಷನ್‌ದಾರರು ಕನ್ನಡಕ ತೆಗೆದರು. "ಹೊಗಳಿಸಿಕೊಳ್ಳೋವಾಗ ನೀವು, ಈಗ ನೀವಲ್ಲ. ಭೇಷ್."

"ನಾನು ಬರೀ ಕೊಂಬು, ದೀರ್ಘ ತಿದ್ದೋನು ಸ್ವಾಮಿ. ನಿಮ್ಮಾಣೆಗೂ ನಾನು ಸಾರಥಿ ಅಲ್ಲ."

"ಇರಲಿ ಬಿಡಿ" ಎಂದ ಟೈಲರ್. "ಇನ್ನೊಂದು ಕೇಳ್ತೀನಿ. ದಿನಾ ಸಂಜೆ ಅಕ್ಕಾವ್ರು ನೀರು ಸುರೀತಿದ್ರಲ್ಲ, ಅದು ತೊಳೆಯೋಕಲ್ಲ ಅಲ್ವಾ?"

ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ ತಲೆ ತಗ್ಗಿಸಿದಳು. ಭಾವಮೈದುನ ಹಿತ್ತಲಿನಿಂದ ಆಗಲೇ ಹೊರಟುಹೋಗಿದ್ದ. ಬಂದವರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಆ ಕ್ಷಣದಲ್ಲಿ ಕೊಂಬಣ್ಣನಿಗೆ ಬಂದ ಸಿಟ್ಟು ಎಂಥದ್ದೆಂದರೆ, ಮೊದಲು ತನ್ನ ಮೇಲೆ, ಆಮೇಲೆ ಸಾರಥಿಯ ಮೇಲೆ, ಆಮೇಲೆ ಕಂಪನಿಯ ಮೇಲೆ, ಕೊನೆಗೆ ಬಡಪಾಯಿ ಬಕೆಟ್ಟಿನ ಮೇಲೆ. ಅದನ್ನು ಒದ್ದು ಕಾಲು ಉಳುಕಿಸಿಕೊಂಡು ಕುಂಟುತ್ತ ಕಚೇರಿಗೆ ಹೋದ.

ನೇರ ಮೂರನೇ ಮಹಡಿಗೆ ಹತ್ತಿ, "ಸಾರಥಿ ಯಾರು, ಇವತ್ತು ನನಗೆ ಗೊತ್ತಾಗಬೇಕು" ಎಂದ. ಯಾರೋ ಮೂಲೆಯ ಮೇಜು ತೋರಿಸಿದರು. ಅಲ್ಲಿ ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಒಬ್ಬ ಹೆಂಗಸು ದಿನಭವಿಷ್ಯ ಬರೆಯುತ್ತ ಕೂತಿದ್ದರು. ಪಕ್ಕದಲ್ಲಿ ಬಸ್ ಪಾಸು ಇತ್ತು.

"ಸಾರಥಿ ನೀವಾ ಮೇಡಂ? ಕಾರು ಓಡಿಸ್ತೀರಾ?"

"ನನಗೆ ಸೈಕಲ್ಲೇ ಬರೋಲ್ಲಪ್ಪ" ಎಂದರು ಅವರು. "ಭವಿಷ್ಯ, ಅಡುಗೆ, ಕಾರು ಮೂರೂ ನಂದೇ. ಕಂಪನಿಯಿಂದ ಬರೆದದ್ದೇ ಬರುತ್ತೆ, ನಾನು ವಾಕ್ಯ ನೆಟ್ಟಗೆ ಮಾಡಿ ಕೆಳಗೆ ಕಳಿಸ್ತೀನಿ. ನೀನು ಅಕ್ಷರ ನೆಟ್ಟಗೆ ಮಾಡ್ತೀಯ."

"ಒಬ್ಬ ಅಜ್ಜಿ ಸಾಯೋದರಲ್ಲಿದ್ದಳು."

ಕೊಂಬಣ್ಣ ಎಲ್ಲವನ್ನೂ ಹೇಳಿದ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಹೇಳಿದರು: "ನನಗಿಂತ ಮುಂಚೆ ಸಾರಥಿ ಆಗಿದ್ದೋರು ನಿಜವಾಗಿ ಕಾರು ಬಲ್ಲೋರು. ಆಗ ಈ ಕಂಪನಿಯದೇ 'ದಿಗ್ಗಜ' ಅಂತ ಇತ್ತಲ್ಲ, ಅದರ ಸ್ಟೀರಿಂಗು ತಿರುವಿನಲ್ಲಿ ಕೈಗೇ ಕಿತ್ತು ಬರುತ್ತೆ ಅಂತ ಬರೆದ್ರು. ಕಂಪನಿ ಆರು ತಿಂಗಳು ನಮ್ಮ ಪೇಪರಿಗೆ ಜಾಹೀರಾತು ನಿಲ್ಲಿಸ್ತು. ಅವರನ್ನ ಹವಾಮಾನಕ್ಕೆ ಹಾಕಿದ್ರು. ಮಳೆ ಬರೋಲ್ಲ ಅಂತ ಬರೆದರೆ ಮೋಡಗಳೇನೂ ಜಾಹೀರಾತು ನಿಲ್ಲಿಸೋಲ್ಲವಲ್ಲ."

ಕೊಂಬಣ್ಣ ಕೆಳಗಿಳಿದು ಬಂದರೆ ಮೇಜಿನ ಮೇಲೆ ಎಂಟು ಪುಟದ ವಿಶೇಷ ಪುರವಣಿಯ ಪ್ರೂಫ್ ಕಾದಿತ್ತು. ಕಂಪನಿಗೆ ಐವತ್ತು ವರ್ಷ ತುಂಬಿತ್ತು. ಮೊದಲ ಪುಟದಲ್ಲಿ ಸಂಸ್ಥಾಪಕರ ಆಳೆತ್ತರದ ಚಿತ್ರ, ಒಳಗೆ ಇತಿಹಾಸ.

ಈ ಇತಿಹಾಸದ ಒಂದು ತುಂಡು ಅವನ ಹೆಂಡತಿಯ ತವರಿನಲ್ಲೇ ಇತ್ತು. ಬೇರೆ ಯಾರಿಗೂ ಕಾರು ಮಾಡಲು ಸರ್ಕಾರ ಬಿಡದಿದ್ದ ಕಾಲದಲ್ಲಿ ಮಾವ ದಿಗ್ಗಜಕ್ಕೆ ಹೆಸರು ಬರೆಸಿದ್ದರು. ಹೆಸರು ಬರೆಸಿದಾಗ ಹೆಂಡತಿ ತೊಟ್ಟಿಲಲ್ಲಿದ್ದಳು, ಕಾರು ಬಂದಾಗ ಎರಡನೇ ಕ್ಲಾಸಿನಲ್ಲಿದ್ದಳು. ಮಳೆ ಬಂದರೆ ಮೇಲಿನಿಂದಲ್ಲ, ಕೆಳಗಿನಿಂದ ನೀರು ಬರುತ್ತಿತ್ತು. ಒಂದು ತಿರುವಿನಲ್ಲಿ ಸ್ಟೀರಿಂಗು ಕಿತ್ತು ಬಂದು ಮಾವನ ಬಲಗೈ ಮುರಿದು, ಆಮೇಲೆ ಅವರು ಸಾಯುವವರೆಗೆ ಎಡಗೈಯಲ್ಲೇ ಸಹಿ ಹಾಕಿದರು. ಇಪ್ಪತ್ತೆಂಟು ವರ್ಷದಲ್ಲಿ ಕಂಪನಿ ಆ ಕಾರಿಗೆ ಮಾಡಿದ ಸುಧಾರಣೆಯೆಂದರೆ ದುಂಡಗಿದ್ದ ದೀಪವನ್ನು ಚೌಕ ಮಾಡಿದ್ದು.

ಪುರವಣಿ ಹೇಳುತ್ತಿತ್ತು: "ಜನರು ದಿಗ್ಗಜಕ್ಕಾಗಿ ಏಳು ವರ್ಷ ಪ್ರೀತಿಯಿಂದ ಕಾದರು."

ಕೊಂಬಣ್ಣನಿಗೆ ನೆತ್ತಿಗೆ ಬೆಂಕಿ ಬಿದ್ದ ಹಾಗಾಯಿತು. ಪ್ರೂಫ್‌ಗೆ ಯಾವಾಗಲೂ ಎರಡು ಪ್ರತಿ ಬರುತ್ತಿದ್ದವು. ಒಂದು ಅಚ್ಚಿನ ಕೋಣೆಗೆ, ಒಂದು ಕಡತಕ್ಕೆ. ಮೊದಲು ಅಚ್ಚಿನ ಪ್ರತಿಯನ್ನು ಹಲ್ಲು ಕಡಿಯುತ್ತ ಶ್ರದ್ಧೆಯಿಂದ ತಿದ್ದಿದ. ಆಮೇಲೆ, ಯಾರೂ ನೋಡದ ಕಡತದ ಪ್ರತಿಯನ್ನು ಎಳೆದುಕೊಂಡು ಮನಸ್ಸಿನ ಉರಿ ತೀರಿಸಿಕೊಳ್ಳತೊಡಗಿದ. 'ಪ್ರೀತಿಯಿಂದ ಕಾದರು' ಎಂಬಲ್ಲಿ 'ಭೀತಿಯಿಂದ ಕಾದರು' ಎಂದು ಮಾಡಿದ. 'ಲಕ್ಷಾಂತರ ಜನ ನಂಬಿ ಕೊಂಡರು' ಎಂಬುದು 'ನಂಬಿ ನೊಂದರು' ಆಯಿತು. ಸುಗಮದ ಪುಟಕ್ಕೆ ಬಂದ. 'ತಾನಾಗಿ ತೆರೆದುಕೊಳ್ಳುತ್ತದೆ' ಎಂಬುದನ್ನು ಹೊಡೆದು 'ಬಿಸಿಲಿಗೆ ತೆರೆಯುವುದಿಲ್ಲ' ಎಂದು ಬರೆದ. ಸುಖಾಸನದ ಮೊದಲೆರಡು ಅಕ್ಷರ ತೆಗೆದು ಶವಾಸನ ಮಾಡಿದ. ತಲೆಬರಹದಲ್ಲಿ ದಪ್ಪಗೆ 'ಗುಣಮಟ್ಟದ ಕಾರು' ಎಂದಿತ್ತು. ಅಲ್ಲಿ ಬರೀ ಒಂದು ಕೊಂಬು ಸಾಕಾಯಿತು: 'ಗುಣ ಮುಟ್ಟದ ಕಾರು'.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. "ಅಜ್ಜಿ ಮನೆಗೆ ಬಂದ್ರು. ನೋಡೋಕೆ ಹೋದೆ. ಬಾಗಿಲು ಹಾಕಿಕೊಂಡ್ರು" ಎಂದು ಅತ್ತಳು. ಕೊಂಬಣ್ಣ ಫೋನಿಟ್ಟ. ಕಣ್ಣು ಮಂಜಾಗಿತ್ತು. ಒಂದು ಪ್ರತಿಯನ್ನು ಅಚ್ಚಿನ ಕೋಣೆಯ ತಟ್ಟೆಗೆ ಹಾಕಿ, ಇನ್ನೊಂದನ್ನು ಕಡತಕ್ಕೆ ಸೇರಿಸಿ ಮನೆಗೆ ಹೋದ.

ಯಾವುದನ್ನು ಎಲ್ಲಿ ಹಾಕಿದ ಎಂದು ಓದುಗರು ಊಹಿಸಿರಬಹುದು. ಅಚ್ಚಿನ ಕೋಣೆಯವರು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವನ ಕೆಂಪು ಶಾಯಿಯನ್ನು ಪ್ರಶ್ನಿಸಿದವರಲ್ಲ. ಅವನು ಹಾಕಿದ ಕೊಂಬನ್ನು ಹಾಕಿದ ಕಡೆಯೇ ಕೂರಿಸಿದರು.

ಶನಿವಾರ ಏನೂ ಆಗಲಿಲ್ಲ. ಜಾಹೀರಾತಿನ ಪುರವಣಿಯನ್ನು ಯಾರು ಓದುತ್ತಾರೆ? ಊರಿನವರು ಅದನ್ನು ಕಪಾಟಿಗೆ ಹಾಸಿದರು, ಕಿಟಕಿ ಗಾಜು ಒರೆಸಿದರು. ಓದಿದ್ದು ಕಂಪನಿಯವರೊಬ್ಬರೇ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಂಪನಿಯ ಪ್ರಚಾರಾಧಿಕಾರಿ ಸಂಪಾದಕರ ಕೋಣೆಯಲ್ಲಿ ಕೂತಿದ್ದ. ಮೈಮೇಲೆ ಕೋಟು, ಕೈಯಲ್ಲಿ ಪುರವಣಿ. ಕೊಂಬಣ್ಣನಿಗೆ ಕರೆ ಹೋಯಿತು.

"ಇದೇನು?" ಎಂದರು ಸಂಪಾದಕರು.

ಕೊಂಬಣ್ಣ ನೋಡಿದ. ಕಡತದ ಪ್ರತಿಯಲ್ಲಿ ತಾನು ಗೀಚಿದ್ದೆಲ್ಲ ಅಚ್ಚಾಗಿತ್ತು. "ಕೈತಪ್ಪಾಗಿದೆ ಸರ್" ಎಂದ. ಅದು ಅಪ್ಪಟ ನಿಜವಾಗಿತ್ತು.

"ಕೈತಪ್ಪೇನ್ರೀ ಇದು? ಶವಾಸನ ಅಂತೆ" ಎಂದ ಪ್ರಚಾರಾಧಿಕಾರಿ. "ನೋಡಿ, ಇದಕ್ಕೆ ತಿದ್ದುಪಡಿ ಬರಬೇಕು. ಒಳಗೆಲ್ಲೋ ಮೂಲೆಯಲ್ಲಿ ಅಲ್ಲ. ಮುಖಪುಟದಲ್ಲಿ, ಚೌಕಟ್ಟು ಹಾಕಿ, ದಪ್ಪ ಅಕ್ಷರದಲ್ಲಿ. ಒಂದೊಂದು ತಪ್ಪನ್ನೂ ಹೆಸರಿಸಿ ಸರಿಪಡಿಸಬೇಕು. ಒಂದೂ ಬಿಡಕೂಡದು."

"ಒಂದೂ ಬಿಡಕೂಡದಾ?" ಎಂದು ಕೇಳಿದ ಕೊಂಬಣ್ಣ.

"ಒಂದೂ ಬಿಡಕೂಡದು."

ಸಂಪಾದಕರು ಏನೋ ಹೇಳಲು ಬಾಯಿ ತೆರೆದು, ಕಂಪನಿಯ ವಾರ್ಷಿಕ ಜಾಹೀರಾತನ್ನು ನೆನೆದು, ಮುಚ್ಚಿಕೊಂಡರು. ಕೊಂಬಣ್ಣ ಮೇಜಿಗೆ ಬಂದು ಕೂತ. ಈ ಸಲ ಕಣ್ಣು ಮಂಜಾಗಿರಲಿಲ್ಲ. ಕೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ ಎಂಬ ಹಾಗೆ ಬರೆದು, ಮೂರು ಸಲ ಓದಿ, ಕಳಿಸಿದ. ಮಂಗಳವಾರದ ಮುಖಪುಟದಲ್ಲಿ ಅದು ಬಂತು.

"ತಿದ್ದಿ ಓದಿಕೊಳ್ಳಿ. ಶನಿವಾರದ ಪುರವಣಿಯಲ್ಲಿ 'ಸುಗಮ ಕಾರಿನ ಬಾಗಿಲು ಬಿಸಿಲಿಗೆ ತೆರೆಯುವುದಿಲ್ಲ' ಎಂದಿರುವುದನ್ನು 'ತಾನಾಗಿ ತೆರೆದುಕೊಳ್ಳುತ್ತದೆ' ಎಂದು ಓದಿಕೊಳ್ಳಬೇಕು. 'ಹಿಂದಿನ ಸೀಟು ಹಿರಿಯರಿಗೆ ಶವಾಸನ' ಎಂದಿರುವುದನ್ನು 'ಸುಖಾಸನ' ಎಂದು ಓದಿಕೊಳ್ಳಬೇಕು. 'ದಿಗ್ಗಜಕ್ಕಾಗಿ ಏಳು ವರ್ಷ ಭೀತಿಯಿಂದ ಕಾದರು' ಎಂಬಲ್ಲಿ 'ಪ್ರೀತಿಯಿಂದ' ಎಂದಿರಬೇಕಿತ್ತು. 'ಲಕ್ಷಾಂತರ ಜನ ನಂಬಿ ನೊಂದರು' ಎಂಬುದು ತಪ್ಪು. 'ಕೊಂಡರು' ಎಂಬುದು ಸರಿ. 'ಗುಣ ಮುಟ್ಟದ ಕಾರು' ಎಂಬಲ್ಲಿ ಕೊಂಬನ್ನು ತೆಗೆದು ಓದಬೇಕು."

ಪುರವಣಿಯನ್ನು ಕಪಾಟಿಗೆ ಹಾಸಿದ್ದವರೆಲ್ಲ ಅದನ್ನು ಎಳೆದು ತೆಗೆದರು. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಕ್ಷೌರದ ಕುರ್ಚಿಯಲ್ಲಿ ಜನ ಜೋರಾಗಿ ಓದಿ ಪಕ್ಕದವರಿಗೆ ಕೇಳಿಸಿದರು. ನಗದವರೂ ಇದ್ದರು. ಅವರ ಮನೆಯ ಮುಂದೆ ಸುಗಮ ನಿಂತಿತ್ತು.

ಗುರುವಾರದಿಂದ ಪತ್ರಗಳು ಬರತೊಡಗಿದವು. ಮೊದಲ ದಿನ ಹನ್ನೊಂದು, ಮರುದಿನ ಎಪ್ಪತ್ತು, ಆಮೇಲೆ ಗೋಣಿಚೀಲ. "ಮಾನ್ಯರೇ, ನಿಮ್ಮ ತಿದ್ದುಪಡಿಯಲ್ಲಿ ತಪ್ಪಾಗಿದೆ. ಮೊದಲು ಅಚ್ಚಾದದ್ದೇ ಸರಿ. ನನ್ನ ಕಾರಿನ ಬಾಗಿಲೂ ತೆರೆಯುವುದಿಲ್ಲ." ಒಬ್ಬರು ಮದುವೆಯ ದಿನ ಮದುಮಗನನ್ನು ಕಿಟಕಿ ಒಡೆದು ತೆಗೆದಿದ್ದರು. ಒಬ್ಬ ಡಾಕ್ಟರು ಆಸ್ಪತ್ರೆಯ ಬಾಗಿಲಲ್ಲೇ ಕಾರಿನೊಳಗೆ ಸಿಕ್ಕಿಕೊಂಡು, ಗಾಜಿನ ಆಚೆಯಿಂದ ಸನ್ನೆಯಲ್ಲೇ ಔಷಧಿ ಹೇಳಿದ್ದರು. ನಾಲ್ಕು ವರ್ಷದ ಮಗುವಿನ ತಾಯಿಯೊಬ್ಬಳ ಪತ್ರದಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಅದನ್ನು ಓದಿ ಕೊಂಬಣ್ಣ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

ಸಂಪಾದಕರು ಅವನನ್ನು ಮತ್ತೆ ಕರೆಸಿದರು. ಮೇಜಿನ ಮೇಲೆ ಪತ್ರಗಳ ಗುಡ್ಡವಿತ್ತು.

"ಬಾಗಿಲು ಹಾಕಿ ಬನ್ನಿ. ನಿಜ ಹೇಳಿ, ಇದನ್ನ ಬೇಕಂತಲೇ ಮಾಡಿದ್ದಾ?"

"ಮೊದಲನೇದು ಕೈತಪ್ಪು ಸರ್" ಎಂದ ಕೊಂಬಣ್ಣ. "ಎರಡನೇದು ಬೇಕಂತಲೇ."

"ಎರಡನೇದರಲ್ಲಿ ತಪ್ಪೇ ಇಲ್ಲವಲ್ಲ."

"ಅದಕ್ಕೇ ಸರ್."

ಸಂಪಾದಕರು ನಗಲಿಲ್ಲ, ಬೈಯಲೂ ಇಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಕೆಲಸ ಹೋಗಬಹುದು, ನಂದೂ ಸೇರಿ" ಎಂದಷ್ಟೇ ಹೇಳಿದರು. ಪತ್ರಗಳನ್ನು ಬೇರೆ ಪತ್ರಿಕೆ ಹಾಕಿಬಿಡುವ ಮೊದಲು ತಾವೇ ಹಾಕುವುದೆಂದು ತೀರ್ಮಾನವಾಯಿತು. ಧೈರ್ಯಕ್ಕೆ ಎಷ್ಟೋ ಸಲ ಇದಕ್ಕಿಂತ ದೊಡ್ಡ ಕಾರಣ ಇರುವುದಿಲ್ಲ.

ಮುಂದಿನ ಶುಕ್ರವಾರ ಕಂಪನಿಯಿಂದ ಎರಡು ಕಾಗದ ಬಂದವು. ಒಂದರಲ್ಲಿ ಜಾಹೀರಾತು ನಿಲ್ಲಿಸಿದ ಸುದ್ದಿ ಇತ್ತು. ಇನ್ನೊಂದು ಕಾರು ಪುಟಕ್ಕೆ: "ಗ್ರಾಹಕರ ಮೇಲಿನ ಅಪಾರ ಅಕ್ಕರೆಯಿಂದ, ಐವತ್ತನೇ ವರ್ಷದ ಸಂಭ್ರಮದಲ್ಲಿ, ಕಂಪನಿಯು ಬೇಸಿಗೆ ಕಾಳಜಿ ಶಿಬಿರ ಏರ್ಪಡಿಸಿದ್ದು, ಎಲ್ಲ ಸುಗಮ ಕಾರುಗಳ ಬೀಗಗಳಿಗೆ ಉಚಿತ ಹೊಸತನ ನೀಡಲಿದೆ." ತಪ್ಪಾಯಿತು ಎಂಬ ಮಾತು ಎಲ್ಲಿಯೂ ಇರಲಿಲ್ಲ. ಅಜ್ಜಿಯಂಥವರ ಸುದ್ದಿಯೂ ಇರಲಿಲ್ಲ.

ಕೊಂಬಣ್ಣ ಅದನ್ನು ಹಿಡಿದು ಮೂರನೇ ಮಹಡಿಗೆ ಹತ್ತಿದ. ಕಾಲು ಇನ್ನೂ ನೋಯುತ್ತಿತ್ತು. ಮೂಲೆಯ ಮೇಜಿನ ಹೆಂಗಸು ಅದನ್ನು ಓದಿ, ಭವಿಷ್ಯದ ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

"ಇದನ್ನ ನಾನು ನೆಟ್ಟಗೆ ಮಾಡೋಲ್ಲ" ಎಂದರು. "ಕೂತ್ಕೋ. ನಾನೇ ಬರೀತೀನಿ. ನಿಮ್ಮ ಬೀದಿ ಅಜ್ಜಿ ಎಷ್ಟು ಹೊತ್ತು ಒಳಗಿದ್ದಳು ಅಂದೆ?"

"ಇಪ್ಪತ್ತು ನಿಮಿಷ."

ಅವರು ನಿಧಾನವಾಗಿ ಬರೆದರು: "ಬಿಸಿಲಿಗೆ ಬಾಗಿಲು ತೆರೆಯದ ಸುಗಮ ಕಾರುಗಳ ಬೀಗವನ್ನು ಕಂಪನಿ ಬದಲಿಸುತ್ತಿದೆ. ಇಂಥ ಒಂದು ಕಾರಿನಲ್ಲಿ ವೃದ್ಧೆಯೊಬ್ಬರು ಇಪ್ಪತ್ತು ನಿಮಿಷ ಸಿಕ್ಕಿಬಿದ್ದು ಆಸ್ಪತ್ರೆ ಸೇರಿದ್ದರು. ಈ ಪುಟದಲ್ಲಿ ಆ ಕಾರನ್ನು ಹೊಗಳಿದ್ದು ನಾನು. ನಾನು ಅದರಲ್ಲಿ ಕೂತು ಸಹ ನೋಡಿರಲಿಲ್ಲ." ಕೆಳಗೆ ಸಾರಥಿ ಎಂದು ಬರೆಯಲಿಲ್ಲ. ತಮ್ಮ ಹೆಸರನ್ನೇ ಹಾಕಿದರು.

ಕೊಂಬಣ್ಣ ಆ ಹಾಳೆಯನ್ನು ತಂದು ಮೇಜಿನ ಮೇಲೆ ಹರವಿಕೊಂಡ. ಫ್ಯಾನು ನಿಲ್ಲಿಸಿದ. ಕೆಂಪು ಪೆನ್ನಿನ ಮುಚ್ಚಳ ತೆಗೆದು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದ. ಇನ್ನೊಂದು ಸಲ ಓದಿದ. ತಿದ್ದುವಂಥದ್ದು ಏನೂ ಸಿಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯನ್ನು ತಾನೇ ಅಚ್ಚಿನ ಕೋಣೆಗೆ ತೆಗೆದುಕೊಂಡು ಹೋದ.